ಟೈರ್ ಒಡೆದದ್ದು ದೇವರ ಆಟವಲ್ಲ

ನಾಗ್ಪುರದಲ್ಲಿ ಮೇ ತಿಂಗಳು ಬಂತೆಂದರೆ ಪೆಟ್ರೋಲ್ ಪಂಪಿನ ಹವಾ ಮಷಿನ್ ಮುಂದೆ ಒಂದೇ ಸಲಹೆ ಕೇಳಿಬರುತ್ತದೆ. ‘ಭಾವೂ, ಉನ್ಹಾಳಾ ಆಹೆ, ಹವಾ ಕಮೀ ಠೇವಾ.’ ಅಂದರೆ ಬೇಸಿಗೆ ಇದೆ, ಗಾಳಿ ಕಡಿಮೆ ಇಡಿ. ಪೈಪ್ ಹಿಡಿದ ಹುಡುಗ ಹೇಳುತ್ತಾನೆ, ಆಫೀಸಿನ ಸಹೋದ್ಯೋಗಿ ಹೇಳುತ್ತಾನೆ, ಅಪಾರ್ಟ್‌ಮೆಂಟಿನ ಹಿರಿಯರೂ ಹೇಳುತ್ತಾರೆ. ಬಿಸಿಲಿಗೆ ಒಳಗಿನ ಗಾಳಿ ಹಿಗ್ಗುತ್ತದೆ, ಹಿಗ್ಗಿದರೆ ಟೈರ್ ಸಿಡಿಯುತ್ತದೆ, ಆದ್ದರಿಂದ ಮೊದಲೇ ಸ್ವಲ್ಪ ಬಿಟ್ಟುಬಿಡಬೇಕು ಎಂಬುದು ಲೆಕ್ಕ. ಕೇಳಲು ಸರಿಯಾಗಿಯೇ ಇದೆ. ನಮ್ಮ ಕಲಬುರಗಿಯಲ್ಲೂ ಇದೇ ಮಾತು, ಅಲ್ಲೂ ನಾವು ಗಾಳಿಗೆ ‘ಹವಾ’ ಅಂತಲೇ ಅನ್ನುವುದು. ಹೀಗಾಗಿ ನಾನು ಎರಡನೇ ಯೋಚನೆ ಮಾಡದೆ ನಂಬಿದ್ದೆ.

ಆ ನಂಬಿಕೆ ನನಗೆ ಎಷ್ಟು ದುಬಾರಿಯಾಗಬಹುದಿತ್ತು ಎಂಬುದು ಗೊತ್ತಾದದ್ದು ಎರಡು ವರ್ಷದ ಹಿಂದೆ, ಮಕ್ಕಳ ರಜೆಗೆ ಊರಿಗೆ ಹೊರಟಾಗ. ಹೊರಡುವ ಹಿಂದಿನ ಮಧ್ಯಾಹ್ನ, ಊರೆಲ್ಲ ಸುತ್ತಿ ಕಾದಿದ್ದ ಗಾಡಿಯನ್ನು ಪಂಪಿಗೆ ಒಯ್ದು ನಾಲ್ಕೂ ಟೈರಿನಲ್ಲಿ 28 ಪಿಎಸ್‌ಐ ಇರಿಸಿಕೊಂಡೆ. ಬೆಳಗಿನ ಜಾವ ಹೆಂಡತಿ, ಅತ್ತೆ, ಇಬ್ಬರು ಮಕ್ಕಳು, ಡಿಕ್ಕಿ ತುಂಬ ಸಾಮಾನು. ವರ್ಧಾ, ಯವತಮಾಳ ದಾಟಿ ನಾಂದೇಡ್ ಕಡೆಗೆ ಹೋಗುವ ರಸ್ತೆ ಈಗ ಚೆನ್ನಾಗಿದೆ, ಕಾಲು ತಾನಾಗಿಯೇ ಆಕ್ಸಿಲರೇಟರ್ ಒತ್ತುತ್ತದೆ. ಉಮರಖೇಡ್ ದಾಟಿದ ಮೇಲೆ ಹಿಂದಿನ ಎಡ ಚಕ್ರದಿಂದ ಪಟಪಟ ಸದ್ದು ಶುರುವಾಯಿತು. ನಿಲ್ಲಿಸೋಣ ಅಂದುಕೊಳ್ಳುವಷ್ಟರಲ್ಲಿ ದೊಡ್ಡ ಸದ್ದಿನೊಂದಿಗೆ ಗಾಡಿ ಎಡಕ್ಕೆ ಎಳೆಯಿತು. ಎದುರಿಗೆ, ಹಿಂದೆ ಲಾರಿ ಇರಲಿಲ್ಲ. ಬ್ರೇಕ್ ಜೋರಾಗಿ ಒತ್ತಲಿಲ್ಲ. ಈ ಎರಡು ಕಾರಣಕ್ಕೆ ಇವತ್ತು ಇದನ್ನು ಬರೆಯುತ್ತಿದ್ದೇನೆ.

ಗಾಡಿ ಬದಿಗೆ ನಿಂತ ಮೇಲೆ ಅತ್ತೆ ಕೈಮುಗಿದು, ‘ಶರಣಪ್ಪ ಉಳಿಸ್ದ ನೋಡ್ರಿ’ ಅಂದರು. ಉಳಿಸಿದ್ದು ಶರಣಪ್ಪನೇ ಇರಬಹುದು. ಆದರೆ ಟೈರ್ ಒಡೆದವನು ಅವನಲ್ಲ. ಸ್ಟೆಪ್ನಿ ಹಾಕಿಕೊಂಡು ಮುಂದಿನ ಊರಿನ ಪಂಕ್ಚರ್ ಅಂಗಡಿಗೆ ಹೋದಾಗ ಆ ಹುಡುಗ ಹರಿದ ಟೈರನ್ನು ರಿಮ್‌ನಿಂದ ಬಿಡಿಸಿ ಒಳಗೆ ಕೈಯಾಡಿಸಿದ. ಕೈತುಂಬ ಕರಿ ರಬ್ಬರ್ ಪುಡಿ. ‘ಹವಾ ಕಮ್ ಥೀ, ಸಾಬ್’ ಅಂದ. ಹೆಚ್ಚಾಗಿದ್ದಲ್ಲ, ಕಡಿಮೆಯಾಗಿದ್ದು. ಸ್ಟೆಪ್ನಿಯಲ್ಲೂ ಅರ್ಧದಷ್ಟೇ ಗಾಳಿ ಇತ್ತು ಅನ್ನುವುದು ಬೇರೆ ನಾಚಿಕೆ.

ಬೇಸಿಗೆಯಲ್ಲಿ ಗಾಳಿ ಇಳಿಸುವುದು ಏಕೆ ತಪ್ಪು? ಗಾಳಿ ಬಿಸಿಯಾದರೆ ಒತ್ತಡ ಏರುತ್ತದೆ ಎಂಬುದು ನಿಜ. ಸಾಮಾನ್ಯ ಕಾರಿನ ಟೈರಿನಲ್ಲಿ ಪ್ರತಿ 10 ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಒಂದೂವರೆ ಪಿಎಸ್‌ಐ ಏರುತ್ತದೆ. ಆದರೆ ಈ ಏರಿಕೆ ಕಂಪನಿಯವರಿಗೆ ಗೊತ್ತಿರುವುದೇ. ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ, ಕೆಲವು ಗಾಡಿಗಳಲ್ಲಿ ಪೆಟ್ರೋಲ್ ಮುಚ್ಚಳದ ಒಳಬದಿ, ಅಂಟಿಸಿರುವ ಚೀಟಿಯ ಮೇಲಿನ ಅಂಕಿ ತಣ್ಣಗಿರುವ ಟೈರಿಗೆ ಸಂಬಂಧಿಸಿದ್ದು. ಓಡಿದ ಮೇಲೆ ಅದು ನಾಲ್ಕೈದು ಪಿಎಸ್‌ಐ ಏರಲಿ ಎಂದು ಲೆಕ್ಕ ಹಾಕಿಯೇ ಆ ಅಂಕಿ ಕೊಟ್ಟಿರುತ್ತಾರೆ. ಒಳ್ಳೆಯ ಸ್ಥಿತಿಯಲ್ಲಿರುವ ಟೈರ್ ಅಷ್ಟಕ್ಕೆ ಸಿಡಿಯುವುದಿಲ್ಲ.

ಟೈರನ್ನು ಕೊಲ್ಲುವುದು ಬೇರೆ ಬಿಸಿ. ಗಾಳಿ ಕಡಿಮೆ ಇದ್ದಾಗ ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಹೆಚ್ಚು ಮಡಚಿ ಬಿಚ್ಚಿಕೊಳ್ಳುತ್ತದೆ. ಒಂದು ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಾ ಹೋದರೆ ಬಗ್ಗಿಸಿದ ಜಾಗ ಬಿಸಿಯಾಗಿ ಕೊನೆಗೆ ತುಂಡಾಗುತ್ತದಲ್ಲ, ಹಾಗೆ. ನೂರರ ವೇಗದಲ್ಲಿ ಕಾರಿನ ಚಕ್ರ ಒಂದು ನಿಮಿಷಕ್ಕೆ ಎಂಟುನೂರಕ್ಕೂ ಹೆಚ್ಚು ಸಲ ಸುತ್ತುತ್ತದೆ. ಅಷ್ಟೂ ಸಲ ಆ ಗೋಡೆ ಮಡಚಬೇಕು. ರಬ್ಬರ್ ಕಾಯುತ್ತದೆ, ಒಳಗಿನ ಪದರಗಳು ಒಂದರಿಂದೊಂದು ಬಿಡುತ್ತವೆ, ಉಜ್ಜಿ ಪುಡಿಯಾಗುತ್ತವೆ. ಹೊರಗೆ 45 ಡಿಗ್ರಿ ಬಿಸಿಲು, ಕಾದ ರಸ್ತೆ, ಡಿಕ್ಕಿಯ ಭಾರ ಸೇರಿದರೆ ಕೇಳುವುದೇ ಬೇಡ. ಗಾಳಿ ಇಳಿಸಿ ನಾವು ತಪ್ಪಿಸಿಕೊಳ್ಳಲು ನೋಡಿದ ಬಿಸಿಯನ್ನು ನಾವೇ ಹುಟ್ಟಿಸಿರುತ್ತೇವೆ.

ನನ್ನ ಲೆಕ್ಕವನ್ನೇ ನೋಡಿ. ಬಿಸಿಲಿನಲ್ಲಿ ಓಡಿ ಸುಮಾರು 60 ಡಿಗ್ರಿ ಕಾದಿರಬಹುದಾದ ಟೈರಿನಲ್ಲಿ 28 ಇಟ್ಟೆ. ಬೆಳಗಿನ ಜಾವ 30 ಡಿಗ್ರಿಗೆ ತಣ್ಣಗಾದಾಗ ಅದೇ ಗಾಳಿ 24ರ ಆಸುಪಾಸಿಗೆ ಇಳಿದಿರುತ್ತದೆ. ನನ್ನ ಗಾಡಿಯ ಚೀಟಿಯಲ್ಲಿ ಇಬ್ಬರು ಕೂತರೆ 33, ಪೂರ್ತಿ ತುಂಬಿದರೆ 36 ಎಂದಿದೆ. ಅಂದರೆ ಬೇಕಾದ್ದಕ್ಕಿಂತ ಮೂರನೇ ಒಂದು ಭಾಗ ಕಡಿಮೆ ಇಟ್ಟುಕೊಂಡು, ಐದು ಜನರನ್ನು ಕೂರಿಸಿಕೊಂಡು ಹೊರಟಿದ್ದೆ. ಆ ಚೀಟಿಯನ್ನು ನಾನು ಓದಿದ್ದು ಟೈರ್ ಒಡೆದ ಮೇಲೆ. ಗಾಡಿ ಕೊಂಡು ಆಗಲೇ ಐದು ವರ್ಷವಾಗಿತ್ತು.

ಈ ಮಾತಿಗೆ ಅಮೆರಿಕದಲ್ಲಿ ದೊಡ್ಡ ಉದಾಹರಣೆ ಇದೆ. 1990ರ ದಶಕದಲ್ಲಿ ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳಲ್ಲಿ ಫೈರ್‌ಸ್ಟೋನ್ ಟೈರುಗಳ ಮೇಲ್ಪದರ ಕಿತ್ತು ಬಂದು ಗಾಡಿಗಳು ಪಲ್ಟಿಯಾದವು. 2000ದ ಆಗಸ್ಟಿನಲ್ಲಿ ಸುಮಾರು 65 ಲಕ್ಷ ಟೈರುಗಳನ್ನು ವಾಪಸು ಪಡೆಯಲಾಯಿತು. ಟೈರಿನ ತಯಾರಿಕೆಯ ದೋಷದ ಜೊತೆಗೆ, ಆ ಗಾಡಿಗೆ ಸೂಚಿಸಿದ್ದ 26 ಪಿಎಸ್‌ಐ ತೀರ ಕಡಿಮೆ ಎಂಬ ವಾದವೂ ಎದ್ದಿತು. ಅಪಘಾತಗಳು ಹೆಚ್ಚು ನಡೆದದ್ದು ಟೆಕ್ಸಾಸ್, ಫ್ಲಾರಿಡಾದಂಥ ಬಿಸಿ ರಾಜ್ಯಗಳಲ್ಲಿ. ಅದೇ ವರ್ಷ ಅಮೆರಿಕ ಹೊಸ ಕಾನೂನು ತಂದಿತು. ಗಾಳಿ ಇಳಿದರೆ ಡ್ಯಾಶ್‌ಬೋರ್ಡಿನಲ್ಲಿ ದೀಪ ಹೊತ್ತುವ ವ್ಯವಸ್ಥೆ ಅಲ್ಲಿನ ಹೊಸ ಕಾರುಗಳಲ್ಲಿ ಕಡ್ಡಾಯವಾದದ್ದು ಆ ಕಾನೂನಿನಿಂದಲೇ. ಬಿಸಿಲು, ಭಾರ, ವೇಗ, ಕಡಿಮೆ ಗಾಳಿ ಎಂಬ ನಾಲ್ಕೂ ಕೂಡಿದ ಜಾಗ ಯಾವುದು ಎಂದು ನನ್ನನ್ನು ಕೇಳಿದರೆ, ಮೇ ತಿಂಗಳಲ್ಲಿ ನಾಗ್ಪುರದಿಂದ ಹೊರಡುವ ಯಾವ ಹೆದ್ದಾರಿಯಾದರೂ ಸರಿ ಅನ್ನುತ್ತೇನೆ.

ಅದರಲ್ಲೂ ಸಮೃದ್ಧಿ ಮಹಾಮಾರ್ಗ. ನಾಗ್ಪುರದಿಂದ ಮುಂಬೈ ದಿಕ್ಕಿಗೆ 701 ಕಿ.ಮೀ. ಉದ್ದದ ಈ ಎಕ್ಸ್‌ಪ್ರೆಸ್‌ವೇಯ ನಾಗ್ಪುರ-ಶಿರಡಿ ಭಾಗ 2022ರ ಡಿಸೆಂಬರಿನಲ್ಲಿ, ಕೊನೆಯ ಭಾಗ 2025ರ ಜೂನ್‌ನಲ್ಲಿ ತೆರೆಯಿತು. ಸಮತಟ್ಟಾದ ಕಡೆ ಕಾರುಗಳಿಗೆ 120ರ ವೇಗಕ್ಕೆ ಅನುಮತಿ. ಊರೊಳಗೆ ನಲವತ್ತರಲ್ಲಿ ಓಡುವಾಗ ಕ್ಷಮಿಸುವ ಟೈರ್ ಅಲ್ಲಿ ಎರಡು ತಾಸು 120ರಲ್ಲಿ ಕ್ಷಮಿಸುವುದಿಲ್ಲ. ರಸ್ತೆ ತೆರೆದ ಮೊದಲ ತಿಂಗಳುಗಳಲ್ಲೇ ಅಪಘಾತಗಳ ಸಾಲು ಕಂಡು, ಸವೆದ ಟೈರಿನ ಗಾಡಿಗಳನ್ನು ಸಾರಿಗೆ ಇಲಾಖೆಯವರು ಪ್ರವೇಶದಲ್ಲೇ ವಾಪಸು ಕಳಿಸತೊಡಗಿದ್ದರು.

2023ರ ಜುಲೈ 1ರ ನಡುರಾತ್ರಿ ದಾಟಿದ ಮೇಲೆ ನಾಗ್ಪುರದಿಂದ ಪುಣೆಗೆ ಹೊರಟಿದ್ದ ಖಾಸಗಿ ಬಸ್ಸು ಬುಲಢಾಣಾ ಜಿಲ್ಲೆಯ ಸಿಂದಖೇಡ್ ರಾಜಾ ಬಳಿ ಇದೇ ರಸ್ತೆಯಲ್ಲಿ ಪಲ್ಟಿಯಾಗಿ ಹೊತ್ತಿ ಉರಿಯಿತು. 25 ಜನ ಸತ್ತರು. ಈ ಊರಿನಲ್ಲಿ ಆ ಬೆಳಿಗ್ಗೆಯನ್ನು ಯಾರೂ ಮರೆತಿಲ್ಲ. ಚಾಲಕ ಮೊದಲು ಹೇಳಿದ ಕಾರಣ, ಟೈರ್ ಸಿಡಿಯಿತು. ಆಮೇಲೆ ಆರ್‌ಟಿಒ ವರದಿ, ಸ್ಥಳದಲ್ಲಿ ಟೈರ್ ಸಿಡಿದ ಕುರುಹಿಲ್ಲ ಎಂದಿತು. ನಾನು ಯೋಚಿಸುವುದು ಆ ಮೊದಲ ಉತ್ತರದ ಬಗ್ಗೆ. ‘ಟೈರ್ ಸಿಡಿಯಿತು’ ಅಂದ ಕೂಡಲೇ ನಮ್ಮಲ್ಲಿ ಮುಂದಿನ ಪ್ರಶ್ನೆ ನಿಂತುಬಿಡುತ್ತದೆ. ಸಿಡಿಲು ಹೊಡೆಯಿತು ಅಂದ ಹಾಗೆ. ಯಾರ ತಪ್ಪೂ ಇಲ್ಲ, ಹಣೆಬರಹ.

ಬಾಂಬೆ ಹೈಕೋರ್ಟ್ 2023ರ ಆರಂಭದಲ್ಲಿ ಕೊಟ್ಟ ಒಂದು ತೀರ್ಪು ಈ ಹಣೆಬರಹದ ಮಾತನ್ನು ಒಪ್ಪಲಿಲ್ಲ. 2010ರ ಅಕ್ಟೋಬರಿನಲ್ಲಿ ಪುಣೆಯಿಂದ ಮುಂಬೈಗೆ ಹೊರಟಿದ್ದ ಕಾರಿನ ಹಿಂದಿನ ಟೈರ್ ಒಡೆದು ಗಾಡಿ ಕಂದಕಕ್ಕೆ ಬಿತ್ತು. ಒಳಗಿದ್ದ 38 ವರ್ಷದ ಒಬ್ಬರು ತೀರಿಕೊಂಡರು. 2016ರಲ್ಲಿ ನ್ಯಾಯಮಂಡಳಿ ಕುಟುಂಬಕ್ಕೆ ಸುಮಾರು 1.25 ಕೋಟಿ ರೂಪಾಯಿ ಪರಿಹಾರ ಕೊಡಲು ಹೇಳಿತು. ವಿಮೆ ಕಂಪನಿ ಮೇಲ್ಮನವಿ ಹಾಕಿ, ಟೈರ್ ಸಿಡಿಯುವುದು ‘ಆಕ್ಟ್ ಆಫ್ ಗಾಡ್’, ದೇವರ ಆಟ, ಅದಕ್ಕೆ ಮನುಷ್ಯರು ಹೊಣೆಯಲ್ಲ ಎಂದಿತು. ಹೈಕೋರ್ಟ್ ಅದನ್ನು ತಳ್ಳಿಹಾಕಿತು. ಮನುಷ್ಯನ ಕೈಮೀರಿದ, ಊಹಿಸಲಾಗದ ಪ್ರಕೃತಿಯ ಘಟನೆಗೆ ಮಾತ್ರ ಆ ಹೆಸರು ಸಲ್ಲುತ್ತದೆ. ಟೈರ್ ಒಡೆಯುವುದಕ್ಕೆ ಅತಿವೇಗ, ಗಾಳಿ ಕಡಿಮೆ ಅಥವಾ ಹೆಚ್ಚಾಗಿರುವುದು, ಹಳೆಯ ಟೈರ್, ತಾಪಮಾನ ಇಂಥ ಕಾರಣಗಳಿರುತ್ತವೆ. ಹೊರಡುವ ಮುಂಚೆ ಟೈರ್ ನೋಡಿಕೊಳ್ಳುವುದು ಗಾಡಿಯವನ ಹೊಣೆ ಎಂಬುದು ತೀರ್ಪಿನ ಸಾರ. ನನ್ನ ಅತ್ತೆಗೆ ನಾನು ಇದನ್ನು ಓದಿ ಹೇಳಲಿಲ್ಲ. ಆದರೆ ನನ್ನ ಮಟ್ಟಿಗೆ ಆ ದಿನದ ತೀರ್ಪು ಅದೇ.

ಇದನ್ನು ಬರೆಯುವಾಗ ಒಂದು ಆಕ್ಷೇಪ ಬರುತ್ತದೆ ಅಂತ ಗೊತ್ತು. ರಸ್ತೆಯ ಗುಂಡಿ, ಬಿದ್ದ ಕಬ್ಬಿಣದ ಚೂರು, ದೋಷವಿರುವ ಟೈರ್ ಇವುಗಳ ಹೊಣೆಯೂ ಗಾಡಿಯವನದ್ದೇ ಏನು? ಅಲ್ಲ. ಸರ್ಕಾರವನ್ನು, ಗುತ್ತಿಗೆದಾರರನ್ನು, ಕಂಪನಿಗಳನ್ನು ಕೇಳಬೇಕಾದ್ದನ್ನು ಕೇಳಲೇಬೇಕು. ಆದರೆ ನಮ್ಮ ಕೈಯಲ್ಲಿರುವ ಐದು ನಿಮಿಷದ ಕೆಲಸ ಮಾಡಿದವನಿಗೆ ಹಾಗೆ ಕೇಳುವ ದನಿ ಗಟ್ಟಿಯಾಗುತ್ತದೆ.

ಕೇಳಬೇಕಾದ್ದರಲ್ಲಿ ಮೊದಲನೆಯದು ಸರಿಯಾದ ಅಳತೆ. 2024ರ ಮೇ 30ರಂದು ನಾಗ್ಪುರದ ಒಂದು ಸ್ವಯಂಚಾಲಿತ ಹವಾಮಾನ ಕೇಂದ್ರ 56 ಡಿಗ್ರಿ ತೋರಿಸಿತು. ದೇಶದ ಸುದ್ದಿವಾಹಿನಿಗಳೆಲ್ಲ ನಮ್ಮ ಊರಿನ ಕಡೆ ತಿರುಗಿದವು, ಕಲಬುರಗಿಯಿಂದ ನನಗೇ ನಾಲ್ಕು ಫೋನ್ ಬಂದವು. ಆಮೇಲೆ ಹವಾಮಾನ ಇಲಾಖೆ ಸೆನ್ಸರ್ ಕೆಟ್ಟಿತ್ತು ಎಂದಿತು. ಈ ಊರು ಕಂಡ ನಿಜವಾದ ಗರಿಷ್ಠ ತಾಪಮಾನ 2013ರ ಮೇ 23ರ 47.9 ಡಿಗ್ರಿ. ತಾಪಮಾನ ತಪ್ಪಾದರೆ ಇಲಾಖೆ ತನಿಖೆ ಮಾಡಿ ಸ್ಪಷ್ಟನೆ ಕೊಟ್ಟಿತು. ತರಕಾರಿಯವನ ತಕ್ಕಡಿಗೆ, ಪೆಟ್ರೋಲ್ ಹಾಕುವ ಮಷಿನ್ನಿಗೆ ಸರ್ಕಾರದ ಮುದ್ರೆ ಬೀಳುತ್ತದೆ. ಆದರೆ ದಿನಕ್ಕೆ ನೂರಾರು ಗಾಡಿ ನಂಬುವ ಹವಾ ಮೀಟರನ್ನು ಯಾರಾದರೂ ಬಂದು ಪರೀಕ್ಷಿಸಿದ್ದನ್ನು ನಾನಂತೂ ಕಂಡಿಲ್ಲ. ನನ್ನ ಸ್ವಂತ ಗೇಜ್ ಹಿಡಿದು ಒಂದೇ ಬೆಳಿಗ್ಗೆ ಮೂರು ಪಂಪ್ ಸುತ್ತಿದಾಗ, ಅದೇ ಟೈರಿಗೆ ಮೂರು ಕಡೆ ಮೂರು ಅಂಕಿ ಬಂತು. ಪಂಪುಗಳಲ್ಲಿ ಗಾಳಿ ಉಚಿತವಾಗಿ ಕೊಡಬೇಕೆಂಬ ನಿಯಮವಿದೆ, ಒಳ್ಳೆಯದು. ಉಚಿತವಾಗಿ ಸಿಗುವ ಗಾಳಿಯ ಅಳತೆಯೂ ಖಾತ್ರಿಯಾಗಿರಬೇಕು.

ಎರಡನೆಯದು, ಖಾಸಗಿ ಕಾರಿನ ಟೈರನ್ನು ಯಾರಾದರೂ ಒಮ್ಮೆ ನೋಡುವ ವ್ಯವಸ್ಥೆ. ಟ್ಯಾಕ್ಸಿ, ಲಾರಿಗಳು ಫಿಟ್‌ನೆಸ್ ಪರೀಕ್ಷೆಗೆ ಹೋಗುತ್ತವೆ. ನಮ್ಮ ಸ್ವಂತ ಕಾರಿಗೆ ನೋಂದಣಿಯಾದ 15 ವರ್ಷದ ತನಕ ಅಂಥ ಪರೀಕ್ಷೆ ಇಲ್ಲ. ಹೊಗೆ ಪರೀಕ್ಷೆಗೆ ಮಾತ್ರ ಎಲ್ಲರೂ ಹೋಗಲೇಬೇಕು. ಅಲ್ಲಿ ಹೊಗೆ ಕೊಳವೆಯ ಫೋಟೊ ತೆಗೆಯುವವನೇ ಟೈರಿನ ಗೀರಿನ ಆಳವನ್ನೂ ಗಾಳಿಯನ್ನೂ ನೋಡಿ ಚೀಟಿಯಲ್ಲಿ ಬರೆದುಕೊಟ್ಟರೆ ಐದು ನಿಮಿಷ ಹೆಚ್ಚು ಹಿಡಿಯಬಹುದು. ಕಾರಿನ ಟೈರಿನ ಗೀರು 1.6 ಮಿ.ಮೀ.ಗಿಂತ ಸವೆಯಬಾರದು ಎಂಬ ನಿಯಮ ಪುಸ್ತಕದಲ್ಲಿದೆ. ಅದನ್ನು ನೋಡುವವರು ಬೇಕು. ಎಕ್ಸ್‌ಪ್ರೆಸ್‌ವೇ ಟೋಲ್‌ಗಳಲ್ಲೂ ಹತ್ತು ಹೆಜ್ಜೆ ಮೊದಲು ಒಂದು ಖಾತ್ರಿ ಗೇಜ್ ಇಟ್ಟರೆ ತಪ್ಪೇನು?

ನಮ್ಮ ಕೆಲಸಕ್ಕೆ ಬರೋಣ. ಪುಣೆ, ಹೈದರಾಬಾದ್, ಚೆನ್ನೈ, ಮುಂಬೈಗಳಲ್ಲಿರುವ ನಮ್ಮಂಥವರ ಗಾಡಿಗಳ ಬದುಕು ವಿಚಿತ್ರ. ವರ್ಷದ ಹನ್ನೊಂದು ತಿಂಗಳು ಮನೆಯಿಂದ ಆಫೀಸಿಗೆ, ಅಥವಾ ಬೇಸ್‌ಮೆಂಟಿನಲ್ಲಿ ನಿದ್ದೆ. ಯುಗಾದಿ, ಬೇಸಿಗೆ ರಜೆ, ದೀಪಾವಳಿಗೆ ಒಮ್ಮೆಲೇ ಐದುನೂರು, ಸಾವಿರ ಕಿ.ಮೀ. ಓಟ. ಬರುವಾಗ ಜೋಳದ ಹಿಟ್ಟು, ಶೇಂಗಾ ಚಟ್ನಿ, ಖಡಕ್ ರೊಟ್ಟಿಯ ಡಬ್ಬಿಗಳ ಭಾರ. ನಿಂತ ಗಾಡಿಯ ಟೈರೂ ತಿಂಗಳಿಗೆ ಒಂದೆರಡು ಪಿಎಸ್‌ಐ ಕಳೆದುಕೊಳ್ಳುತ್ತದೆ. ನಾಗ್ಪುರದಲ್ಲಿ ಮೇ ತಿಂಗಳ ಮುಂಜಾನೆ 33 ತುಂಬಿಸಿ ಮರೆತರೆ, ಜನವರಿಯ 10 ಡಿಗ್ರಿ ಚಳಿಯ ಮುಂಜಾನೆಗೆ ತಾಪಮಾನದಿಂದಲೇ ಮೂರು ಪಿಎಸ್‌ಐಗೂ ಹೆಚ್ಚು ಇಳಿದಿರುತ್ತದೆ, ಸೋರಿಕೆ ಬೇರೆ. 25ಕ್ಕೆ ಬಂದು ನಿಂತಿದ್ದರೂ ಕಣ್ಣಿಗೆ ಕಾಣುವುದಿಲ್ಲ. ಇಂದಿನ ರೇಡಿಯಲ್ ಟೈರುಗಳು ಸರಿ ಇದ್ದಾಗಲೂ ಕೆಳಗೆ ಸ್ವಲ್ಪ ಉಬ್ಬಿಯೇ ಇರುತ್ತವೆ. ಕಾಲಿನಲ್ಲಿ ಒದ್ದು ನೋಡುವುದರಿಂದ ಏನೂ ತಿಳಿಯದು.

ನಾನೀಗ ಮಾಡುವುದು ಇಷ್ಟು. ಹೋಟೆಲಿನಲ್ಲಿ ಒಮ್ಮೆ ಊಟ ಮಾಡುವ ಖರ್ಚಿನಲ್ಲಿ ಒಂದು ಡಿಜಿಟಲ್ ಗೇಜ್ ಕೊಂಡು ಗಾಡಿಯಲ್ಲಿಟ್ಟಿದ್ದೇನೆ. ತಿಂಗಳಿಗೊಮ್ಮೆ, ಮತ್ತು ದೂರದ ಪ್ರಯಾಣದ ಮುಂಚೆ ತಪ್ಪದೆ, ಗಾಡಿ ಕನಿಷ್ಠ ಮೂರು ತಾಸು ನಿಂತಿರುವಾಗ, ಬಿಸಿಲು ಏರುವ ಮುಂಚೆ ಅಳೆಯುತ್ತೇನೆ. ಚೀಟಿಯಲ್ಲಿ ಬರೆದಷ್ಟು ಇಡುತ್ತೇನೆ, ಮನೆಮಂದಿಯೆಲ್ಲ ಹೊರಟರೆ ತುಂಬಿದ ಗಾಡಿಗೆ ಬರೆದ ಅಂಕಿ. ಟೈರಿನ ಮೈಮೇಲೆ ಮುದ್ರಿಸಿರುವ ಗರಿಷ್ಠ ಒತ್ತಡ ಟೈರಿನ ಮಿತಿ, ಅಷ್ಟು ತುಂಬಬೇಕೆಂದಲ್ಲ. ಹೆಚ್ಚು ತುಂಬಿದರೆ ನೆಲ ಮುಟ್ಟುವ ಭಾಗ ಕಡಿಮೆಯಾಗಿ ಹಿಡಿತ ತಪ್ಪುತ್ತದೆ, ನಡುವೆ ಬೇಗ ಸವೆಯುತ್ತದೆ. ದಾರಿ ಮಧ್ಯೆ ಕಾದ ಟೈರಿನಲ್ಲಿ 38 ಕಂಡರೆ ಗಾಬರಿಯಾಗಿ ಗಾಳಿ ಬಿಡುವುದಿಲ್ಲ. ಸ್ಟೆಪ್ನಿಯನ್ನೂ ಅಳೆಯುತ್ತೇನೆ. ವಾಲ್ವಿನ ಕ್ಯಾಪ್ ಕಳೆದಿದ್ದರೆ ಹೊಸದು ಹಾಕುತ್ತೇನೆ, ಧೂಳು ಹೋದರೆ ಅಲ್ಲಿಂದಲೇ ಸೋರುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ತಾರೀಕು ಇರುತ್ತದೆ, 2319 ಎಂದರೆ 2019ರ 23ನೇ ವಾರ ತಯಾರಾದದ್ದು. ಗೀರು ಎಷ್ಟು ಆಳ ಇದ್ದರೂ ರಬ್ಬರಿಗೆ ವಯಸ್ಸಾಗುತ್ತದೆ.

ನೈಟ್ರೋಜನ್ ಹಾಕಿಸಿದರೆ ಚಿಂತೆ ಇಲ್ಲ ಅನ್ನುವವರಿದ್ದಾರೆ. ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್. ಅದು ಸ್ವಲ್ಪ ನಿಧಾನವಾಗಿ ಸೋರುತ್ತದೆ, ತೇವ ಇರುವುದಿಲ್ಲ, ಅಷ್ಟೆ. ಬಿಸಿಗೆ ಅದೂ ಹಿಗ್ಗುತ್ತದೆ, ಅದನ್ನೂ ಅಳೆಯಲೇಬೇಕು. ದುಡ್ಡು ಕೊಟ್ಟು ಹಾಕಿಸಿ ಆರು ತಿಂಗಳು ಮರೆಯುವುದಕ್ಕಿಂತ ಸಾದಾ ಗಾಳಿಯನ್ನು ತಿಂಗಳಿಗೊಮ್ಮೆ ನೋಡುವುದು ಮೇಲು. ಡ್ಯಾಶ್‌ಬೋರ್ಡಿನ ದೀಪವನ್ನೇ ನಂಬಿ ಕೂರುವುದೂ ಬೇಡ. ಅಮೆರಿಕದ ನಿಯಮದ ಪ್ರಕಾರ ಆ ದೀಪ ಹೊತ್ತಬೇಕಾದದ್ದು ಗಾಳಿ ನೂರಕ್ಕೆ 25ರಷ್ಟು ಇಳಿದಾಗ. 33 ಇರಬೇಕಾದ ಟೈರ್ 25ಕ್ಕೆ ಬಂದ ಮೇಲೆ ಸಿಗುವ ಎಚ್ಚರಿಕೆ ಅದು. ಮೈಲೇಜ್ ಉಳಿಯುತ್ತದೆ ಎಂಬ ಆಸೆಯನ್ನೂ ನಾನು ತೋರಿಸುವುದಿಲ್ಲ. ಒಂದು ಪಿಎಸ್‌ಐ ಇಳಿದರೆ ಹೋಗುವ ಇಂಧನ ನೂರಕ್ಕೆ 0.2ರಷ್ಟು ಮಾತ್ರ. ಆ ಚಿಲ್ಲರೆಗಾಗಿ ಯಾರೂ ಬೆಳಿಗ್ಗೆ ಆರಕ್ಕೆ ಎದ್ದು ಮಂಡಿಯೂರಿ ಟೈರ್ ಅಳೆಯುವುದಿಲ್ಲ.

ಸ್ವಂತ ಗಾಡಿ ಇಲ್ಲದವರಿಗೂ ಒಂದು ಮಾತು. ಊರಿಗೆ ಟ್ಯಾಕ್ಸಿ ಮಾಡುವಾಗ ಏಸಿ ಇದೆಯೇ, ಕಿ.ಮೀ.ಗೆ ಎಷ್ಟು, ಟೋಲ್ ಯಾರದು ಎಂದೆಲ್ಲ ಚೌಕಾಸಿ ಮಾಡುತ್ತೇವೆ. ‘ಟೈರ್ ಹೆಂಗದಾವ, ಹವಾ ನೋಡೀರೇನು ಅಣ್ಣಾ?’ ಎಂದು ಕೇಳುವುದಿಲ್ಲ. ಕೇಳಿದರೆ ಡ್ರೈವರ್ ಬೇಸರ ಮಾಡಿಕೊಳ್ಳುತ್ತಾನೆ ಎಂಬ ಸಂಕೋಚ. ನಾನು ಕೇಳತೊಡಗಿದ ಮೇಲೆ ಬೇಸರ ಮಾಡಿಕೊಂಡವರು ಒಬ್ಬಿಬ್ಬರು. ಉಳಿದವರು ಇಳಿದು ಒಂದು ಸುತ್ತು ನೋಡಿ ಬಂದರು. ಅವರ ಜೀವವೂ ಅದೇ ನಾಲ್ಕು ಟೈರಿನ ಮೇಲಿರುತ್ತದೆ.

ಈ ಬೇಸಿಗೆಯಲ್ಲಿ, ಇಲ್ಲಿಯವರು ನವತಪಾ ಎನ್ನುವ ಮೇ ಕೊನೆಯ ಆ ಒಂಬತ್ತು ಸುಡುದಿನಗಳಿಗೆ ಸ್ವಲ್ಪ ಮುಂಚೆ, ಮತ್ತೆ ಕಲಬುರಗಿಗೆ ಹೊರಟೆವು. ಹಿಂದಿನ ದಿನ ಪಂಪಿನ ಹುಡುಗ ಎಂದಿನಂತೆ, ‘ಭಾವೂ, ಕಮೀ ಠೇವೂ ಕಾ?’ ಅಂದ. ಬೇಡ, ಚೀಟಿಯಲ್ಲಿ 36 ಇದೆ, 36 ಇಡು ಅಂದೆ. ಅವನು ನನ್ನನ್ನೊಮ್ಮೆ, ಗಾಡಿಯನ್ನೊಮ್ಮೆ ನೋಡಿ, ಹೊರಗಿನವರಿಗೆ ನಮ್ಮ ಬಿಸಿಲು ಗೊತ್ತಿಲ್ಲ ಎಂಬಂತೆ ತಲೆಯಾಡಿಸಿದ. ಮರುದಿನ ನಸುಕಿನಲ್ಲಿ ತಣ್ಣಗಿದ್ದಾಗ ನನ್ನ ಗೇಜಿನಲ್ಲಿ ಅಳೆದರೆ 33ರ ಹತ್ತಿರ ಇತ್ತು, ಕಾದ ಟೈರಿಗೆ ತುಂಬಿಸಿದ್ದರಿಂದ. ಮನೆಯಲ್ಲಿರುವ ಸಣ್ಣ ಪಂಪಿನಿಂದ ಉಳಿದಷ್ಟು ತುಂಬಿಸಿದೆ. ಒಳಗೆ ಕೂತಿದ್ದ ಅತ್ತೆ, ‘ಇನ್ನೂ ಆಗ್ಲಿಲ್ಲೇನ್ರಿ?’ ಎಂದು ಎರಡು ಸಲ ಕೇಳಿದರು. ಹೊರಡುವುದು ಹತ್ತು ನಿಮಿಷ ತಡವಾಯಿತು. ಸಂಜೆ ಹೊತ್ತು ಮುಳುಗುವ ಮುಂಚೆ ಕಲಬುರಗಿ ಮುಟ್ಟಿದೆವು.